ಬ್ಯಾಟನ್ ಕೊಳ್ಳುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಸಿಂಫನಿ ಆರ್ಕೆಸ್ಟ್ರಾದ ಕಂಡಕ್ಟರ್ ಆಗಬೇಕು, ವಾದಕರಿಗೆ ಸನ್ನೆ ಮಾಡುವ ಕಡ್ಡಿ, ಅದೇ ಬ್ಯಾಟನ್, ಎಂಥದು ಕೊಳ್ಳಲಿ ಎಂದು ಕೇಳಿದ್ದೀಯ. 35 ಸೆಂಟಿಮೀಟರ್ ಆಸುಪಾಸಿನದು, ಹಗುರವಾದದ್ದು, ಬೆರಳ ಮೇಲೆ ಅಡ್ಡ ಇಟ್ಟರೆ ಹಿಡಿಯ ಹತ್ತಿರವೇ ತೂಗಿ ನಿಲ್ಲುವಂಥದ್ದು ಸಾಕು. ಆದರೆ ಸದ್ಯಕ್ಕೆ ಕೊಳ್ಳಬೇಡ.

ಪಿಟೀಲು ಕಲಿಯುವವನ ಮನೆಯಲ್ಲಿ ಪಿಟೀಲಿರುತ್ತದೆ. ಕಂಡಕ್ಟರ್ ಮನೆಯಲ್ಲಿ ಏನೂ ಇರುವುದಿಲ್ಲ. ಅವನ ವಾದ್ಯ ಅಂದರೆ ಬೇರೆಯವರ ಸಮಯ. ಎಂಬತ್ತು ಜನರನ್ನು ಕೂರಿಸಿಕೊಂಡು ಮೂರು ನಿಮಿಷ ಮಾತಾಡಿದೆ ಅಂತಿಟ್ಟುಕೋ, ಒಟ್ಟು ನಾಲ್ಕು ಗಂಟೆ ಖರ್ಚಾಯಿತು. ಪೋಡಿಯಂ, ಅಂದರೆ ಕಂಡಕ್ಟರ್ ನಿಲ್ಲುವ ಕಟ್ಟೆ, ಅದರ ಮೇಲಿನ ನಿಮಿಷಗಳನ್ನು ಸಂಪಾದಿಸಬೇಕು, ಸಿಕ್ಕಿದ್ದನ್ನು ಪೋಲು ಮಾಡಬಾರದು. ಈ ವೃತ್ತಿಯ ಮಿಕ್ಕ ವಿಷಯಗಳೆಲ್ಲ ಇದಕ್ಕೇ ಅಂಟಿಕೊಂಡು ಬರುತ್ತವೆ.

ಮೊದಲು ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲುಗಳನ್ನೂ ಒಟ್ಟಿಗೆ ಬರೆದ ಪುಸ್ತಕ. ಪುಟದ ಮೇಲ್ತುದಿಯಲ್ಲಿ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್; ಕೆಳಗೆ ಹಿತ್ತಾಳೆಯ ವಾದ್ಯಗಳು, ಟಿಂಪನಿ; ತಳದಲ್ಲಿ ತಂತಿವಾದ್ಯ. ಬರೆದದ್ದೊಂದು ಕೇಳಿಸುವುದೊಂದು ಆಗುವ ವಾದ್ಯಗಳಲ್ಲೇ ಕಷ್ಟ. ಬಿ-ಫ್ಲಾಟ್ ಕ್ಲಾರಿನೆಟ್‌ಗೆ ‘ಸಿ’ ಬರೆದಿದ್ದರೆ ಕಿವಿಗೆ ಬೀಳುವುದು ಬಿ-ಫ್ಲಾಟ್. ಎಫ್ ಹಾರ್ನ್‌ಗೆ ಅದೇ ‘ಸಿ’ ಬರೆದರೆ ಅದರ ಕೆಳಗಿನ ಎಫ್ ಬರುತ್ತದೆ. ಡಬಲ್ ಬಾಸ್ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ, ವಯೋಲಾಗೆ ಕ್ಲೆಫ್ಫೇ (ಯಾವ ಗೆರೆ ಯಾವ ಸ್ವರ ಎಂದು ತೋರಿಸುವ ಗುರುತು) ಬೇರೆ. ಇವನ್ನು ಕೂಡಿಸಿ ಕಳೆದು ಲೆಕ್ಕ ಹಾಕುತ್ತ ಕೂತರೆ ತಾಲೀಮು ಮುಂದೆ ಹೋಗಿರುತ್ತದೆ, ನೋಡಿದ ಕೂಡಲೇ ಕಿವಿಯೊಳಗೆ ಕೇಳಬೇಕು. ಒಂದು ಸ್ವರ ತಪ್ಪು ಅನ್ನಿಸಿದಾಗ “ತಪ್ಪು ನುಡಿಸಿದಿರಿ” ಅನ್ನಬೇಡ, “ನಿಮ್ಮ ಪುಟದಲ್ಲಿ ಏನಿದೆ?” ಎಂದು ಕೇಳು. ಸ್ಕೋರಿಗೂ ವಾದಕರ ಬಿಡಿ ಪ್ರತಿಗಳಿಗೂ ತಾಳೆಯಾಗದಿರುವುದು ದಿನನಿತ್ಯದ ಸಂಗತಿ.

ಅಭ್ಯಾಸ ಹೀಗಿರಲಿ. ಪೆನ್ಸಿಲ್ ಹಿಡಿದು ಬಾರ್‌ಗಳನ್ನು, ಅಂದರೆ ತಾಳದ ಒಂದೊಂದು ಸುತ್ತನ್ನು, ವಾಕ್ಯಗಳಾಗಿ ಕಟ್ಟು: ನಾಲ್ಕು, ನಾಲ್ಕು, ಮತ್ತೆ ನಾಲ್ಕರ ಬದಲು ಮೂರು ಬಂತೇ? ಅಲ್ಲೇ ಎಡವುವುದು. ಆಮೇಲೆ ಪ್ರತಿ ಸಾಲನ್ನೂ ಬಾಯಲ್ಲಿ ಹಾಡು. ಪಿಯಾನೊ ಮೇಲೆ ಬಾಸ್ ನುಡಿಸುತ್ತ ಮೇಲಿನ ಸಾಲು ಹಾಡು, ಮತ್ತೆ ಅದಲು ಬದಲು ಮಾಡು. ಕೈ ಆಡಿಸುವುದೆಲ್ಲ ಇದಾದ ಮೇಲೆ. ರೆಕಾರ್ಡಿಂಗ್ ಹಾಕಿಕೊಂಡು ಕನ್ನಡಿ ಮುಂದೆ ಕೈ ಬೀಸುವ ಚಾಳಿ ಮಾತ್ರ ಬೇಡ. ಅಲ್ಲಿ ಧ್ವನಿ ಮೊದಲು ಬರುತ್ತದೆ, ಕೈ ಅದರ ಬೆನ್ನು ಹತ್ತುತ್ತದೆ. ಪೋಡಿಯಂ ಮೇಲೆ ಕೈ ಮುಂದೆ ಹೋಗಬೇಕು. ಹಾಗೆ ಒಂದು ವರ್ಷ ಸಾಧನೆ ಮಾಡಿದರೆ ನಿನಗೆ ಗಟ್ಟಿಯಾಗುವುದು ತಡವಾಗಿ ಬರುವ ವಿದ್ಯೆ!

ಕೈ ಮುಂದೆ ಹೋಗುವುದು ಅಂದರೇನು ಎಂಬುದಕ್ಕೆ ಬೀಥೋವನ್ನನ 5ನೇ ಸಿಂಫನಿಯ ಮೊದಲ ಐದು ಬಾರ್‌ಗಳನ್ನು ನೋಡು. ತಾಳದ ಭಾಷೆಯಲ್ಲಿ ಹೇಳುವುದಾದರೆ ಇದು ಅನಾಗತ ಎಡುಪು. ಪೆಟ್ಟು ಬೀಳುವ ಜಾಗ ಖಾಲಿ, ಅದಾದ ಮೇಲೆ ಮೂರು ಚಿಕ್ಕ ಸ್ವರ, ನಂತರ ಒಂದು ಉದ್ದ ಸ್ವರ. ಸ್ಕೋರಿನಲ್ಲಿರುವ ಗತಿ ನಿಮಿಷಕ್ಕೆ 108 ಬಾರ್. ಅಂದರೆ ಒಂದು ಬಾರ್‌ಗೆ ಸುಮಾರು 0.56 ಸೆಕೆಂಡು, ಮೊದಲ ಮೌನಕ್ಕೆ ಸುಮಾರು 0.14 ಸೆಕೆಂಡು. ಒಂದು ಬಾರ್‌ಗೆ ಒಂದೇ ಬೀಟ್. ನೀನು ಕೊಡುವುದು ಕೈ ಮೇಲೆತ್ತುವ ಒಂದು ಅಪ್‌ಬೀಟ್, ಕೆಳಗಿಳಿಸುವ ಒಂದು ಡೌನ್‌ಬೀಟ್, ಅಷ್ಟೇ. ವೇಗ, ಜೋರು, ಸ್ವರದ ಕಡಿತ ಮೂರೂ ಆ ಅರ್ಧ ಸೆಕೆಂಡಿನ ಅಪ್‌ಬೀಟ್‌ನಲ್ಲೇ ಕಾಣಬೇಕು. ತಂತಿವಾದ್ಯಗಳ ಜೊತೆ ಇಬ್ಬರು ಕ್ಲಾರಿನೆಟ್‌ನವರೂ ಶುರು ಮಾಡುತ್ತಾರೆ, ಆದ್ದರಿಂದ ಅಪ್‌ಬೀಟ್‌ನಲ್ಲಿ ನಿನ್ನ ಉಸಿರೂ ಕಾಣಬೇಕು. ನೀನು ಉಸಿರು ಬಿಗಿಹಿಡಿದರೆ ಅವರೂ ಹಿಡಿಯುತ್ತಾರೆ.

ಎಡವಟ್ಟು ಮೂರು ಕಡೆ ಆಗುತ್ತದೆ. ಮೊದಲನೆಯದು, ಧೈರ್ಯ ಸಾಲದೆ “ಒಂದು, ಎರಡು” ಎಂದು ಸುಮ್ಮನೆ ಒಂದು ಹೆಚ್ಚಿನ ಬೀಟ್ ಕೊಡುವುದು. ಯಾವುದು ನಿಜವಾದದ್ದು ಎಂದು ತಿಳಿಯದೆ ಅರ್ಧ ಜನ ಮೊದಲೇ ನುಗ್ಗುತ್ತಾರೆ. ಎರಡನೆಯದು, ಡೌನ್‌ಬೀಟ್ ಆದ ಮೇಲೆ ಮೂರು ಸ್ವರಗಳನ್ನೂ ಮಣಿಕಟ್ಟಿನಲ್ಲಿ ತೋರಿಸಲು ಹೋಗುವುದು. ಆಗ ಮೊದಲ ಸ್ವರದ ಮೇಲೆ ಭಾರ ಬಿದ್ದು ಇಡೀ ನುಡಿ ತ್ರಿಶ್ರದ (ಮೂರರ ನಡೆಯ) ಹಾಗೆ ಕೇಳಿಸುತ್ತದೆ. ಭಾರ ಇರಬೇಕಾದದ್ದು ನಾಲ್ಕನೆಯ, ಉದ್ದ ಸ್ವರದ ಮೇಲೆ. ಮೂರನೆಯದು ಫರ್ಮಾಟಾ, ಸ್ವರವನ್ನು ಅಳತೆ ಮೀರಿ ಹಿಡಿದಿಡು ಎನ್ನುವ ಗುರುತು. ಮೊದಲನೆಯದು 2ನೇ ಬಾರ್‌ನಲ್ಲಿದೆ. ಎರಡನೆಯ ಉದ್ದ ಸ್ವರ ಮಾತ್ರ 4 ಮತ್ತು 5ನೇ ಬಾರ್‌ಗಳೆರಡಕ್ಕೂ ಹಬ್ಬಿದೆ, ಫರ್ಮಾಟಾ ಇರುವುದು 5ರ ಮೇಲೆ. 4ನೇ ಬಾರ್‌ಗೊಂದು, 5ಕ್ಕೊಂದು ಬೀಟ್ ಕೊಡದೆ 4ರಲ್ಲೇ ಕೈ ನಿಲ್ಲಿಸಿದರೆ, ಲೆಕ್ಕ ಹಾಕುತ್ತ ಕೂತವರು ಒಂದು ಬಾರ್ ಹಿಂದೆ ಉಳಿಯುತ್ತಾರೆ. ಇನ್ನು ಸ್ವರ ಕಡಿಯುವ ಸನ್ನೆಯೇ ಮುಂದಿನದಕ್ಕೆ ಅಪ್‌ಬೀಟ್ ಆಗಬೇಕೇ, ನಡುವೆ ಮೌನ ಬೇಕೇ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗು. ಅಲ್ಲಿ ನಿಂತು ಯೋಚಿಸುವುದು ಎಲ್ಲರಿಗೂ ಕಾಣುತ್ತದೆ.

ಇಷ್ಟು ತಿದ್ದಿಕೊಳ್ಳುವುದಕ್ಕೆ ಜೀವಂತ ಜನ ಬೇಕು. ಹೊಸಬನ ಕೈಗೆ ಯಾರೂ ಆರ್ಕೆಸ್ಟ್ರಾ ಕೊಡುವುದಿಲ್ಲ, ಕ್ವಾಯರ್, ಅಂದರೆ ಗಾಯಕರ ಗುಂಪು, ಕೊಡುತ್ತಾರೆ. ಕ್ವಾಯರ್ ಅಂದರೆ ಬಡವರ ಆರ್ಕೆಸ್ಟ್ರಾ ಎಂದು ಮೂಗು ಮುರಿಯುವವರಿದ್ದಾರೆ, ಅವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಮುಂದೆ ಹೆಸರಾಂತ ಕಂಡಕ್ಟರ್ ಆದ ಜುಬಿನ್ ಮೆಹ್ತಾ ಮತ್ತು ಕ್ಲಾಡಿಯೊ ಅಬಾಡೊ ವಿಯೆನ್ನಾದಲ್ಲಿ ವಿದ್ಯಾರ್ಥಿಗಳಾಗಿದ್ದಾಗ, ದೊಡ್ಡ ಕಂಡಕ್ಟರುಗಳ ತಾಲೀಮಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲವೆಂದು, ಅಲ್ಲಿನ ಸಿಂಗ್‌ಫೆರೈನ್ ಕ್ವಾಯರ್‌ನ ಬಾಸ್ (ಅತಿ ತಗ್ಗಿನ ದನಿಯ) ಸಾಲಿಗೆ ಸೇರಿಕೊಂಡರು. ಕಂಡಕ್ಟರ್ ಮುಖ ಕಾಣುವ ಜಾಗ ಅದು.

ಕ್ವಾಯರ್‌ಗೆ ಸಾಮಾನ್ಯವಾಗಿ ಬರಿಗೈ ಸಾಕು. ಎಂಟು-ಹತ್ತು ನಿಮಿಷ ಗಂಟಲು ಬಿಸಿ ಮಾಡಿಸು, ಅದಕ್ಕಿಂತ ಹೆಚ್ಚು ಬೇಡ. ಪದದ ಆರಂಭದ ವ್ಯಂಜನ ಬೀಟ್‌ಗಿಂತ ಒಂದು ಕೂದಲೆಳೆ ಮೊದಲು ಬರಬೇಕು, ಸ್ವರಾಕ್ಷರ ಬೀಟ್ ಮೇಲೆ ಕೂರಬೇಕು. ಇಲ್ಲದಿದ್ದರೆ ಇಡೀ ಗುಂಪು ಎಳೆಯುತ್ತಿದೆ ಅನ್ನಿಸುತ್ತದೆ, ಎಷ್ಟು ಜೋರಾಗಿ ಬೀಟ್ ಹೊಡೆದರೂ ಸರಿಹೋಗದು. ಕೊನೆಯ ‘ಟ್’ ಎಲ್ಲಿ ಬೀಳಬೇಕೆಂದು ಸಂಖ್ಯೆಯಲ್ಲೇ ಹೇಳು: ಮೂರು ಬೀಟ್ ಉದ್ದದ ಸ್ವರವಾದರೆ ನಾಲ್ಕನೆಯದರ ಮೇಲೆ. ಕೊನೆಯ ‘ಸ್’ ಅನ್ನು ಸಾಲಿಗೆ ಇಬ್ಬರು ಹೇಳಿದರೆ ಬೇಕಾದಷ್ಟಾಯಿತು. ನಲವತ್ತು ಜನ ಹೇಳಿದರೆ ಹಾವಿನ ಬುಟ್ಟಿ ತೆರೆದಂತೆ. ಉದ್ದ ಸಾಲಿನಲ್ಲಿ ಪಕ್ಕದವನು ಉಸಿರು ತೆಗೆದ ಜಾಗದಲ್ಲಿ ತಾನು ತೆಗೆಯಬಾರದು, ಮೆಲ್ಲಗೆ ಬಿಟ್ಟು ಮೆಲ್ಲಗೆ ಸೇರಿಕೊಳ್ಳಬೇಕು.

ಶ್ರುತಿ ಇಳಿಯುವುದು ನಿನ್ನ ದೊಡ್ಡ ತಲೆನೋವು. ಇಳಿಯುವಾಗ ಮೆಟ್ಟಿಲು ದೊಡ್ಡದಾಗುತ್ತದೆ, ಏರುವಾಗ ಚಿಕ್ಕದಾಗುತ್ತದೆ, ಒಂದೇ ಸ್ವರ ಮತ್ತೆ ಮತ್ತೆ ಬಂದರೆ ಜಾರುತ್ತದೆ. “ಶ್ರುತಿ ಇಳೀತಿದೆ” ಎಂದು ಕೂಗಿದರೆ ಗಂಟಲು ಬಿಗಿದು ಇನ್ನಷ್ಟು ಇಳಿಯುತ್ತದೆ. ಎಬ್ಬಿಸಿ ನಿಲ್ಲಿಸು, ಬಾಯಿ ಮುಚ್ಚಿ ಗುನುಗಿಸು, ಅಥವಾ ಇಡೀ ಹಾಡನ್ನು ಅರ್ಧ ಸ್ವರ ಮೇಲಕ್ಕೆತ್ತು. ಎಫ್ ಮೇಜರ್‌ನ ಹಾಡುಗಳಿಗೆ ಜಾರುವ ಕೆಟ್ಟ ಹೆಸರಿದೆ, ಎಫ್-ಶಾರ್ಪ್‌ನಲ್ಲಿ ಹಾಡಿಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಲಯ ಸಡಿಲವಾದಾಗ ಅಮೆರಿಕದ ಕ್ವಾಯರ್ ಕಂಡಕ್ಟರ್ ರಾಬರ್ಟ್ ಶಾ ಮಾಡುತ್ತಿದ್ದ ಉಪಾಯ ಒಳ್ಳೆಯದು. ಸಾಹಿತ್ಯ ಬಿಟ್ಟು ಸ್ವರದ ಮೇಲೆ “ವನ್ ಆ್ಯಂಡ್ ಟೂ ಆ್ಯಂಡ್ ಟೀ ಆ್ಯಂಡ್ ಫೋರ್ ಆ್ಯಂಡ್” ಎಂದು ಮೆಲುದನಿಯಲ್ಲಿ ಎಣಿಸುತ್ತ ಹಾಡಿಸುವುದು. ಥ್ರೀ ಅನ್ನುವಾಗ ನಾಲಿಗೆ ತಡವರಿಸುತ್ತದೆಂದು ಟೀ.

ಕ್ವಾಯರ್ ಮತ್ತು ಆರ್ಕೆಸ್ಟ್ರಾ ಎರಡೂ ಸೇರಿದಾಗ ಹೊಸ ಕಷ್ಟ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಪೋಡಿಯಂನಿಂದ 15 ಮೀಟರ್ ಹಿಂದೆ ನಿಂತ ಗಾಯಕರಿಗೆ ನಿನ್ನ ಮುಂದಿನ ಪಿಟೀಲು ಸುಮಾರು 0.044 ಸೆಕೆಂಡು ತಡವಾಗಿ ಕೇಳುತ್ತದೆ. ಅದನ್ನು ಕೇಳಿ ಹಾಡಿದರೆ ಅವರ ಧ್ವನಿ ನಿನ್ನನ್ನು ಮುಟ್ಟಲು ಮತ್ತಷ್ಟೇ ಹೊತ್ತು, ಒಟ್ಟು ಸುಮಾರು 0.09. ಅವರು ಕಿವಿ ನಂಬದೆ ನಿನ್ನ ಕೈ ನಂಬಬೇಕು. ನಿನ್ನ ಕೈಯೋ, ಕೇಳಿದ್ದಕ್ಕೆ ಕಾಯುತ್ತ ನಿಧಾನವಾಗಬಾರದು. ಹಾಗೇನಾದರೂ ಆದರೆ ಇಡೀ ಸಭಾಂಗಣವೇ ಎಳೆದುಕೊಂಡು ಹೋಗುತ್ತದೆ. ಬೀಥೋವನ್ನನ 9ನೇ ಸಿಂಫನಿಯಲ್ಲಿ ಕ್ವಾಯರ್ ಮೊದಲ ಮೂರು ಭಾಗ ಸುಮ್ಮನೆ ಕೂತು, ತಣ್ಣಗಾದ ಗಂಟಲಲ್ಲಿ ಒಮ್ಮೆಗೇ ಏಳಬೇಕು. ಯಾವಾಗ ಒಳಗೆ ಬರಬೇಕು, ಯಾವ ಬಾರ್‌ನಲ್ಲಿ ಏಳಬೇಕು ಎಂಬುದನ್ನು ಅವರಿಗೆ ಬರೆದು ಕೊಡು.

ತಾಲೀಮಿನ ಲೆಕ್ಕಕ್ಕೆ ಬರೋಣ. ಮೂರು ಗಂಟೆಯ ತಾಲೀಮಿನಲ್ಲಿ 20 ನಿಮಿಷ ವಿರಾಮ ಹೋದರೆ ಉಳಿಯುವುದು 160 ನಿಮಿಷ. ಕಾರ್ಯಕ್ರಮ 80 ನಿಮಿಷದ್ದಾದರೆ ಒಂದು ಸಲ ನುಡಿಸಿ ನೋಡುವುದಕ್ಕೇ ಅರ್ಧ ಹೋಯಿತು. ಅದೇ 5ನೇ ಸಿಂಫನಿಯಲ್ಲಿ ಪಿಕೊಲೊ, ಕಾಂಟ್ರಾಬಸೂನ್, ಮೂರು ಟ್ರಾಂಬೋನ್ ಇರುವುದು ಕೊನೆಯ ಭಾಗದಲ್ಲಷ್ಟೇ. ತಾಲೀಮನ್ನು ಅಲ್ಲಿಂದಲೇ ಶುರು ಮಾಡಿ ಆ ಐವರನ್ನು ಮನೆಗೆ ಕಳಿಸು, ವರ್ಷಗಟ್ಟಲೆ ನೆನೆಯುತ್ತಾರೆ. ಪಿಟೀಲಿನ ಕಮಾನು ಯಾವ ಕಡೆ ಎಳೆಯಬೇಕೆಂಬ ಗುರುತುಗಳನ್ನು ಕನ್ಸರ್ಟ್‌ಮಾಸ್ಟರ್ (ಮೊದಲ ಪಿಟೀಲಿನವರ ಮುಖ್ಯಸ್ಥ) ಜೊತೆ ಕೂತು ವಾರಗಳ ಮೊದಲೇ ಪ್ರತಿಗಳಿಗೆ ಇಳಿಸಿರು. ಹದಿನಾರು ಮೊದಲ ಪಿಟೀಲು ಅಂದರೆ ಇಬ್ಬರಿಗೊಂದರಂತೆ ಎಂಟು ಮೇಜು. ನಡುವೆ ಬದಲಾಯಿಸಿದರೆ ಆ ಸುದ್ದಿ ಮೇಜಿನಿಂದ ಮೇಜಿಗೆ ಪಿಸುಮಾತಿನಲ್ಲಿ ಹಿಂದಕ್ಕೆ ಸಾಗಬೇಕು, ಎಂಟನೆಯವರಿಗೆ ಮುಟ್ಟುವಷ್ಟರಲ್ಲಿ ನೀನು ಮತ್ತೆ ಕೈ ಎತ್ತಿರುತ್ತೀಯ.

ನಿಲ್ಲಿಸಿದರೆ ಮೂರೇ ಮಾತು, ಇದೇ ಕ್ರಮದಲ್ಲಿ: ಎಲ್ಲಿ, ಯಾರು, ಏನು. “ಅಕ್ಷರ ಸಿ, ಅದಕ್ಕೆ ಮುಂಚೆ ಏಳು ಬಾರ್. ಎರಡನೇ ಪಿಟೀಲು. ಇನ್ನೂ ಚಿಕ್ಕದಾಗಿ.” ಸ್ಕೋರಿನಲ್ಲೂ ಪ್ರತಿಗಳಲ್ಲೂ ಗುರುತಿಗೆಂದು ಹಾಕಿರುವ ಅಕ್ಷರವನ್ನು ಮೊದಲು ಹೇಳಿದರೆ ಅವರು ಎಣಿಸುತ್ತ ಹಿಂದೆ ಹೋಗಬಲ್ಲರು. ಎಣಿಸಿ ಮುಗಿಸಲು ಮೂರು ಸೆಕೆಂಡು ಬಿಡು. ಗೊತ್ತಿದ್ದೂ ಒಮ್ಮೆ ಕೈ ತಪ್ಪಿದವನಿಗಾಗಿ ನಿಲ್ಲಿಸಬೇಡ, ಅವನೇ ಸರಿ ಮಾಡಿಕೊಳ್ಳುತ್ತಾನೆ.

ಮೇಲೇರುವ ದಾರಿಗಳು ಕೆಲವೇ. ಜರ್ಮನ್ ಭಾಷೆಯ ನಾಡುಗಳ ಒಪೆರಾ ಮನೆಗಳಲ್ಲಿ ಗಾಯಕರಿಗೆ ಪಿಯಾನೊ ಮೇಲೆ ಪಾಠ ಹೇಳುವ ಕೆಲಸದಿಂದ ಶುರು ಮಾಡಿ ಕಪೆಲ್‌ಮೈಸ್ಟರ್ (ಅಲ್ಲಿನ ಕಂಡಕ್ಟರ್) ಆಗುವುದು ಹಳೆಯ, ಗಟ್ಟಿ ದಾರಿ. ಪಿಯಾನೊ ಚೆನ್ನಾಗಿ ಬಾರದಿದ್ದರೆ ಅದು ಮುಚ್ಚಿದೆ. ಸ್ಪರ್ಧೆಗಳಿವೆ. ಮೆಹ್ತಾ 1958ರಲ್ಲಿ ಲಿವರ್‌ಪೂಲ್‌ನಲ್ಲಿ, ಸೇಜಿ ಒಜಾವಾ 1959ರಲ್ಲಿ ಫ್ರಾನ್ಸಿನ ಬೆಸಾನ್ಸನ್‌ನಲ್ಲಿ ಗೆದ್ದರು. ಸಹಾಯಕ ಕಂಡಕ್ಟರ್ ಕೆಲಸವೆಂದರೆ ಬಹುಪಾಲು ಸಭಾಂಗಣದಲ್ಲಿ ಸ್ಕೋರ್ ಹಿಡಿದು ಕೂತು “ಹಾರ್ನ್ ಜೋರಾಯಿತು” ಎಂದು ಹೇಳುವುದು. ಆದರೆ ಪ್ರತಿ ವಾರದ ಪ್ರತಿ ಸ್ಕೋರೂ ಗೊತ್ತಿರಬೇಕು. 1943ರ ನವೆಂಬರ್ 14ರಂದು ಕಂಡಕ್ಟರ್ ಬ್ರೂನೊ ವಾಲ್ಟರ್ ಜ್ವರ ಬಿದ್ದಾಗ 25ರ ಲೆನರ್ಡ್ ಬರ್ನ್‌ಸ್ಟೈನ್ ತಾಲೀಮಿಲ್ಲದೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಮುಂದೆ ನಿಂತದ್ದು ಇಂಥ ಕುರ್ಚಿಯಿಂದ ಎದ್ದು. ಅರ್ಜಿಗೆ ವಿಡಿಯೊ ಕೇಳುತ್ತಾರೆ. ಕ್ಯಾಮೆರಾ ವಾದಕರ ಹಿಂದಿರಲಿ, ನಿನ್ನ ಮುಖ ಕಾಣಲಿ, ತಾಲೀಮಿನ ತುಣುಕೂ ಇರಲಿ. ಬೆನ್ನು ನೋಡಿ ಯಾರೂ ಕೆಲಸ ಕೊಡುವುದಿಲ್ಲ.

ಈ ವಾರಕ್ಕೆ ಇಷ್ಟು ಮಾಡು. 5ನೆಯದರ ಸ್ಕೋರ್ ತೆರೆದು ಕ್ಲಾರಿನೆಟ್‌ನವರ ಮೊದಲ ಐದು ಬಾರ್‌ಗಳಲ್ಲಿ ಬರೆದಿರುವುದೇನು, ಕೇಳುವುದೇನು ಎಂದು ಎರಡು ಸಾಲಾಗಿ ಬರೆದು ಕಳಿಸು. ಪಿಯಾನೊ ಮುಟ್ಟದೆ.

ಇಂತಿ,
ನಿನ್ನ ಗೆಳೆಯ