ಬೇರೆಯವರ ಪಾಲಿನ ರಿಯಾಯಿತಿ

ಮಾನ್ಯರೇ,

ಓದು ಮುಗಿದು ವರ್ಷಗಳಾದರೂ ಹಳೆಯ ಕಾಲೇಜು ಐಡಿ ತೋರಿಸಿ ವಿದ್ಯಾರ್ಥಿ ರಿಯಾಯಿತಿ ಪಡೆಯುವವರು, ‘ಹೊಸ ಗ್ರಾಹಕ’ರಾಗಲು ಪ್ರತಿ ಸಲ ಹೊಸ ಇಮೇಲ್ ತೆರೆಯುವವರು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ. ಕೇಳಿದರೆ, ‘ಅಷ್ಟು ದೊಡ್ಡ ಕಂಪನಿಗೆ ಇದೇನು ಮಹಾ ನಷ್ಟ?’ ಎನ್ನುತ್ತಾರೆ. ಕಂಪನಿಯ ಮೇಲೆ ನನಗೂ ಕನಿಕರವಿಲ್ಲ. ಬೆಲೆ ಏರಿಸಿ ಆಮೇಲೆ ಇಳಿಸಿದಂತೆ ತೋರಿಸುವ ಕಲೆ ಮಾರುವವರಿಗೂ ಗೊತ್ತು.

ಆದರೆ ಪೆಟ್ಟು ಬೀಳುವುದು ಬೇರೆ ಕಡೆ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಕಡಿಮೆ ದರ ಇಡುವುದು ಅವರ ಕೈಯಲ್ಲಿ ಕಾಸು ಕಡಿಮೆ ಎಂಬ ಲೆಕ್ಕದಿಂದ. ಕಂಡವರೆಲ್ಲ ನುಗ್ಗಿದರೆ ಒಂದೋ ರಿಯಾಯಿತಿ ನಿಲ್ಲುತ್ತದೆ, ಇಲ್ಲವೇ ದಾಖಲೆಗಳ ಕಾಟ ಶುರುವಾಗುತ್ತದೆ. ನಿಜವಾದ ವಿದ್ಯಾರ್ಥಿ ಗುರುತಿನ ಚೀಟಿಯ ಫೋಟೊ, ಶುಲ್ಕದ ರಸೀದಿ ಎಲ್ಲ ಅಪ್‌ಲೋಡ್ ಮಾಡಿ ಕಾಯಬೇಕು. ಕೌಂಟರ್‌ನಲ್ಲಿ ತಲೆ ಪೂರ್ತಿ ನರೆತ ಅಜ್ಜಿಗೂ ವಯಸ್ಸಿನ ಪುರಾವೆ ಕೇಳುತ್ತಾರೆ.

ಎಲ್ಲರಿಗೂ ತೆರೆದಿಟ್ಟ ಕೂಪನ್ ಹುಡುಕಿ ಉಳಿಸುವುದರ ಮಾತು ಬೇರೆ, ಅದು ಜಾಣತನ. ‘ನೀವು ವಿದ್ಯಾರ್ಥಿಯೇ?’ ಎಂಬಲ್ಲಿ ‘ಹೌದು’ ಒತ್ತುವುದು ಮಾತ್ರ ಸುಳ್ಳೇ. ಎದುರಿಗೆ ಮನುಷ್ಯರಿಲ್ಲ, ಬರೀ ಪರದೆ ಇದೆ ಎಂದ ಮಾತ್ರಕ್ಕೆ ನಿಜವಾಗದು. ಮಾರುವವರೂ ಷರತ್ತುಗಳನ್ನು ಸಣ್ಣಕ್ಷರದಲ್ಲಿ ಅಡಿಗೆ ತುರುಕದೆ ಮೇಲೆಯೇ ಬರೆಯಲಿ. ‘ಗೊತ್ತಿರಲಿಲ್ಲ’ ಎನ್ನುವವರಾದರೂ ಕಡಿಮೆಯಾಗುತ್ತಾರೆ.

– ಒಬ್ಬ ಗ್ರಾಹಕಿ