08/01 ಅಂದ್ರ ಜನವರಿ ಅಲ್ಲ

ರಿಚ್ಮಂಡ್, ವರ್ಜೀನಿಯಾ

ಕಲಬುರಗಿಯ ಅಕ್ಕಾಗ ನಮಸ್ಕಾರ,

ಮೊಮ್ಮಗನಿಗೆ ಇಲ್ಲಿ ಮನ್ಯಾಗೇ ಕಲಿಸ್ತಾರಂತ ಗೊತ್ತಾದಾಗಿಂದ ನೀ ಕೇಳೋದು ಒಂದೇ: ಸಾಲಿ ಇಲ್ದಿದ್ರ ಪಾಸು-ಫೇಲು ಹೇಳೋರು ಯಾರು? ಇದಕ್ಕ ಒಂದೊಂದು ರಾಜ್ಯಕ್ಕ ಒಂದೊಂದು ಕಾಯ್ದೆ ಅದ. ಟೆಕ್ಸಾಸ್‌ದಾಗ ವರ್ಷದ ಕೊನಿಗೆ ಯಾರಿಗೂ ಏನೂ ಕೊಡೋದು ಬ್ಯಾಡ. ನ್ಯೂಯಾರ್ಕ್‌ದಾಗ ಮೂರು ತಿಂಗಳಿಗೊಮ್ಮೆ ವರದಿ ಬೇಕು. ನಿನ್ನ ಮಗಳು-ಅಳಿಯ ಬರೋದು ವರ್ಜೀನಿಯಾಕ್ಕ, ಇಲ್ಲಿನ ಕಾಯ್ದೆ ಅಷ್ಟೇ ಬರೀತೀನಿ.

ತಾರೀಖು ಎರಡು. ಆಗಸ್ಟ್ 15ರೊಳಗ ‘ಮನ್ಯಾಗ ಕಲಿಸ್ತೀವಿ’ ಅನ್ನೋ ನೋಟಿಸು, ಜೊತಿಗೆ ವಿಷಯಗಳ ಪಟ್ಟಿ. ನಡು ವರ್ಷ ಬಂದವರು ಬಂದಕೂಡ್ಲೇ ಕೊಡಬೇಕು. ಮುಂದಿನ ಆಗಸ್ಟ್ 1ರೊಳಗ ಹುಡುಗ ಕಲ್ತಾನ ಅನ್ನೋದಕ್ಕ ಪುರಾವೆ. ಇಲ್ಲಿ ತಿಂಗಳು ಮೊದಲು ಬರೀತಾರ. 08/01 ಅಂದ್ರ ಆಗಸ್ಟ್ 1, ನಮ್ಮಂಗ ಜನವರಿ 8 ಅಲ್ಲ. ಅಳಿಯಗ ಇದನ್ನ ಎರಡು ಸಲ ಹೇಳು.

ಪುರಾವೆಗೆ ಮುಖ್ಯವಾಗಿ ಎರಡು ಹಾದಿ. ಒಂದು, ದೇಶದ ಮಟ್ಟದಾಗ ಅಳತಿ ಮಾಡಿದ ಪರೀಕ್ಷೆ: ಐಯೋವಾ, ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಅಚೀವ್‌ಮೆಂಟ್ ಟೆಸ್ಟ್ ಇಂಥವು. ಒಟ್ಟು ಸ್ಕೋರು ನಾಲ್ಕನೇ ಸ್ಟ್ಯಾನೈನ್‌ದಾಗ (ಸ್ಕೋರಿನ ಪ್ರಕಾರ ಮಾಡಿದ ಒಂಬತ್ತು ಗುಂಪಿನಾಗ ಕೆಳಗಿಂದ ನಾಲ್ಕನೇದು) ಅಥವಾ ಅದರ ಮ್ಯಾಲ ಇರಬೇಕು. ನಮ್ಮ ಮಂದಿ ಎಡವೋದು ಇಲ್ಲೇ. ಶರಣಬಸವೇಶ್ವರ ಜಾತ್ರ್ಯಾಗ ತೇರು ನೋಡ್ಲಿಕ್ಕ ಬಂದ 100 ಹುಡುಗರನ್ನ ಗಿಡ್ಡರಿಂದ ಎತ್ತರದವರ ತನಕ ಸಾಲಾಗಿ ನಿಲ್ಲಿಸು. ಆ ಸಾಲನ್ನ 4, 7, 12, 17, 20, 17, 12, 7, 4 ಹಿಂಗ ಒಂಬತ್ತು ಗುಂಪು ಮಾಡು. ಮೊದಲ ಮೂರು ಗುಂಪಿನಾಗ 23 ಹುಡುಗರು. ಅವರನ್ನ ದಾಟಿದ್ರ ನಾಲ್ಕನೇ ಗುಂಪು. ಅಂದ್ರ 23 ಪರ್ಸೆಂಟೈಲ್, ನೂರು ಮಂದ್ಯಾಗ 23 ಮಂದಿನ್ನ ಹಿಂದ ಹಾಕಿದಂಗ, ಬಂದ್ರ ಸಾಕು. ಅದು 100ಕ್ಕ 23 ಅಂಕ ಅಲ್ಲ. ನಮ್ಮೂರಾಗ 35 ಇಲ್ಲಾಂದ್ರ ಫೇಲು ಅಂತ ಕಲ್ತವರು ರಿಪೋರ್ಟ್‌ದಾಗ 30 ಪರ್ಸೆಂಟೈಲ್ ನೋಡಿ ಎದಿ ಒಡ್ಕೋತಾರ. ಆ ಹುಡುಗ ಆರಾಮ ಪಾರಾಗಿರ್ತಾನ.

ಇನ್ನೊಂದು ಮಾತು. ಒಂದು ಭಾಗ ಬಿಟ್ಟು ಪರೀಕ್ಷೆ ಬರೆಸಿದ್ರ ಎಷ್ಟೋ ಸಲ ಒಟ್ಟು ಸ್ಕೋರಿನ ಚೌಕ ಖಾಲಿ ಬರ್ತದ. ಗಣಿತ, ಓದು ಬ್ಯಾರೆ ಬ್ಯಾರೆ ಛಲೋ ಇದ್ರೂ ಕಾಯ್ದೆ ಕೇಳೋದು ಆ ಚೌಕನ್ನೇ. ಪರೀಕ್ಷೆ ಏಪ್ರಿಲ್‌ದಾಗ ಮುಗಿಸ್ಲಿ. ಕಾಗದದ ಮ್ಯಾಲಿನದಾದ್ರ ತಿದ್ದಿ ಬರ್ಲಿಕ್ಕ ವಾರಗಟ್ಟಲೆ ಬೇಕು.

ಎರಡನೇ ಹಾದಿ, ಪತ್ರ. ಅಮೆರಿಕದ ಯಾವುದೇ ರಾಜ್ಯದ ಲೈಸೆನ್ಸ್ ಇರೋ ಮಾಸ್ತರು, ಇಲ್ಲಾ ಒಂದು ವಿಷಯದಾಗ ಸ್ನಾತಕೋತ್ತರ ಪದವಿ ಮುಗಿಸಿದವರು ಹುಡುಗನ ಕಲಿಕಿ ನೋಡಿ ಬರೀಬೇಕು. ‘ಹುಡುಗ ಭಾಳ ಶಾಣ್ಯಾ’ ಅಂತ ಒಂದು ಪುಟ ಹೊಗಳಿದ್ರ ಆ ಪತ್ರ ತಿರುಗಿ ಬರ್ತದ. ಕಲಿಕಿ ಬೆಳವಣಿಗಿ, ಪ್ರಗತಿ ತಕ್ಕ ಮಟ್ಟಿಗೆ ಆಗ್ಯಾವ ಅನ್ನೋ ಒಂದು ವಾಕ್ಯ, ಬರೆದವರ ಅರ್ಹತಿ, ಇಷ್ಟು ಇದ್ರ ನಾಲ್ಕು ಸಾಲಿನ ಪತ್ರನೂ ಸಾಕು.

ಪತ್ರ ಬರೆಯೋರಿಗೆ ತೋರಿಸ್ಲಿಕ್ಕ ಸೆಪ್ಟೆಂಬರ್, ಜನವರಿ, ಮೇ ಮೂರೂ ತಿಂಗಳಿಂದ ಒಂದೇ ನಮೂನಿ ಲೆಕ್ಕದ ಹಾಳಿ ತೆಗೆದಿಡ್ಲಿ. ಸೆಪ್ಟೆಂಬರ್‌ದಾಗ 42ರಾಗ 17 ಕಳೀಲಿಕ್ಕ ದಶಕ ತಗೊಳ್ಳೋದು ಮರೆತು 35 ಬರೆದ ಹಾಳಿ, ಮೇದಾಗ 25 ಬರೆದ ಹಾಳಿ, ಎರಡೂ ಒತ್ತಟ್ಟಿಗೆ. ತಪ್ಪಿದ್ದನ್ನ ಹರಿದು ಒಗೆದು ಚಂದ ಹಾಳಿ ಅಷ್ಟೇ ಇಟ್ರ ಪ್ರಗತಿ ಎಲ್ಲಿ ಕಾಣಬೇಕು?

ಪುರಾವೆ ಸಾಲದಿದ್ರ ಕೂಡ್ಲೇ ಸಾಲಿಗೆ ಹಾಕಂತ ಅನ್ನೂದಿಲ್ಲ. ಕಮ್ಮಿ ಇದ್ದದ್ದನ್ನ ಹೆಂಗ ತುಂಬಸ್ತೀವಿ ಅನ್ನೋ ಯೋಜನೆ ಬರೆದು ಕೊಟ್ಟು ಅದು ಒಪ್ಪಿಗಿ ಆದ್ರ ಒಂದು ವರ್ಷ ಗಡುವು ಸಿಗ್ತದ. ಕಳಿಸೋವಾಗ ಅಸಲು ಕೊಡಬಾರದು. ನಕಲು, ಮುಟ್ಟಿದ ರಸೀದಿ ಬರೋ ಅಂಚೆದಾಗ.

ಮುಂದ ಕಲಬುರಗಿಗೆ ವಾಪಸ್ ಬಂದ್ರ ಚಿಂತಿ ಬ್ಯಾಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 14 ವರ್ಷದ ತನಕ ವಯಸ್ಸಿಗೆ ತಕ್ಕ ತರಗತಿ ಸಿಗಬೇಕು. ಟಿಸಿ ತಡ ಆಯ್ತಂತ ಪ್ರವೇಶ ನಿರಾಕರಿಸೋ ಹಂಗಿಲ್ಲ. ಹತ್ತನೇದಕ್ಕ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಅದ, ಅಲ್ಲಿ 33 ಬಂದ್ರ ಪಾಸು.

ಹೊರಡೂ ಮೊದಲು ಈಗಿನ ಸಾಲಿಯಿಂದ ಟಿಸಿ, ಅಂಕಪಟ್ಟಿ, ಜನನ ಪ್ರಮಾಣಪತ್ರ ತಗೊಂಡು ಎರಡೆರಡು ನಕಲು ಮಾಡಿಸಿ ಇಡು. ಮೂರರಾಗೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಅದನೋ ಇಲ್ಲೋ ನೀನೇ ಕುಂತು ನೋಡು, ಅಳಿಯಗ ಬಿಡಬ್ಯಾಡ.

ನಿನ್ನ ತಂಗಿ