‘ಬೂಟ್ ಪಾಲಿಶ್’ ಮಕ್ಕಳಿಗೆ ಬೇಡವೇ?

ಮಾನ್ಯರೇ,

‘ಬೂಟ್ ಪಾಲಿಶ್’ ಹಿಂದಿ ಸಿನಿಮಾ ಮಕ್ಕಳ ದುಡಿಮೆಯನ್ನು ಹೊಗಳುತ್ತದೆ, ಅದನ್ನು ಶಾಲೆಗಳಲ್ಲಿ ತೋರಿಸಬಾರದು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಅವರು ಅರ್ಧಕ್ಕೇ ಎದ್ದು ಹೋದರೇನೋ ಅನ್ನಿಸಿತು.

ಸಿನಿಮಾ ಬಂದದ್ದು 1954ರಲ್ಲಿ. ತಾಯಿ ಸತ್ತ ಮೇಲೆ ಭೋಲಾ, ಬೇಲು ಎಂಬ ಅಣ್ಣ ತಂಗಿ ಚಿಕ್ಕಮ್ಮನ ಪಾಲಾಗುತ್ತಾರೆ. ಬೇಡಿ ತಂದ ಕಾಸನ್ನೆಲ್ಲ ಅವಳು ಕಿತ್ತುಕೊಳ್ಳುತ್ತಾಳೆ, ಹೊಡೆತ ಬೇರೆ. ಸ್ಕೂಲಿನ ಮಾತೆಲ್ಲಿ ಬಂತು? ಅದರಲ್ಲೇ ಚೂರುಪಾರು ಉಳಿಸಿ ಪಾಲಿಶ್ ಡಬ್ಬಿ, ಬ್ರಷ್ ಕೊಳ್ಳುತ್ತಾರೆ. ಬೇಡಬೇಡಿ, ದುಡಿಯಿರಿ ಎಂದು ಹೇಳಿಕೊಟ್ಟವನು ಜಾನ್ ಚಾಚಾ. ಅವನೇನು ಸಾಚಾ ಅಲ್ಲ. ಪಾನನಿಷೇಧವಿದ್ದ ಆಗಿನ ಬಾಂಬೆಯಲ್ಲಿ ಕಳ್ಳ ಸಾರಾಯಿ ಮಾರಿ ಜೈಲಿಗೆ ಹೋಗುತ್ತಾನೆ. (ಡೇವಿಡ್ ಅವರಿಗೆ ಈ ಪಾತ್ರಕ್ಕೇ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.) ಜೈಲಿನೊಳಗೆ ಅವನು ಮೋಡಕ್ಕೆ ಬಾ ಬಾ ಅಂತ ಹಾಡುತ್ತಾನೆ, ಮನ್ನಾ ಡೇ ದನಿಯಲ್ಲಿ. ಹೊರಗೆ ಅದೇ ಮಳೆ ಮಕ್ಕಳ ಹೊಟ್ಟೆ ಮೇಲೆ ಹೊಡೆಯುತ್ತದೆ. ಕೆಸರಲ್ಲಿ ಯಾರು ಬೂಟಿಗೆ ಪಾಲಿಶ್ ಹಾಕಿಸ್ತಾರೆ?

ಒಂದು ರಾತ್ರಿ ಮಳೆಯಲ್ಲಿ ಯಾರೋ ನಾಣ್ಯ ಎಸೆಯುತ್ತಾರೆ. ಭೋಲಾ ಮುಟ್ಟುವುದಿಲ್ಲ. ಹಸಿದ ಬೇಲು ಎತ್ತಿಕೊಳ್ಳುತ್ತಾಳೆ. ಅಣ್ಣ ಕಪಾಳಕ್ಕೆ ಬಾರಿಸುತ್ತಾನೆ, ನಾಣ್ಯ ಅವಳ ಕೈಯಿಂದ ಬಿದ್ದುಹೋಗುತ್ತದೆ. ಮೊನ್ನೆ ಮೊಮ್ಮಗನ ಜೊತೆ ಕೂತು ಮತ್ತೆ ನೋಡಿದೆ. ಅವನಿಗೆ ಒಂಬತ್ತು ವರ್ಷ. ಸಿಟ್ಟಿನಿಂದ ನನ್ನ ಕಡೆ ತಿರುಗಿದ. “ಅಜ್ಜಿ, ಅವಳಿಗೆ ಹಸಿವಾಗಿತ್ತಲ್ವಾ? ಅವನು ಯಾಕೆ ಹೊಡೀಬೇಕಿತ್ತು?” ಏನು ಹೇಳೋದು ಗೊತ್ತಾಗಲಿಲ್ಲ. ಕೊನೆಗೆ ಆ ಭೋಲಾನೇ ರೈಲ್ವೆ ಸ್ಟೇಷನ್ನಿನಲ್ಲಿ ಕೈಚಾಚುತ್ತಾನೆ. ದುಡಿಮೆಯನ್ನು ಹೊಗಳಲೆಂದೇ ಮಾಡಿದ ಸಿನಿಮಾ ಆಗಿದ್ದರೆ ಅವನನ್ನು ಅಲ್ಲಿಗೆ ತಂದು ನಿಲ್ಲಿಸುತ್ತಿರಲಿಲ್ಲ.

ನನ್ನ ತಕರಾರು ಬೇರೆ. ರೈಲಿನಲ್ಲಿ ಸಿಕ್ಕ ಶ್ರೀಮಂತರು ಬೇಲುವನ್ನು ಸಾಕಿಕೊಳ್ಳುತ್ತಾರೆ, ಎಲ್ಲ ಸುಖವಾಗಿ ಮುಗಿಯುತ್ತದೆ. ಅಷ್ಟು ಸಲೀಸಾ? ಆದರೂ ಬೇಲು ಆಗಿದ್ದ ಬೇಬಿ ನಾಜ್ ಅಳುವಾಗ ಈ ತಕರಾರು ನೆನಪಿಗೆ ಬರುವುದಿಲ್ಲ. 1955ರಲ್ಲಿ ಕಾನ್ ಚಿತ್ರೋತ್ಸವ ಆ ಪುಟ್ಟ ಹುಡುಗಿಯನ್ನು ವಿಶೇಷವಾಗಿ ಗುರುತಿಸಿದ್ದು ಸುಮ್ನೆ ಅಲ್ಲ.

ಮಕ್ಕಳ ದಿನಾಚರಣೆಗೆ ಈ ಸಿನಿಮಾದ ‘ಮುಷ್ಟಿಯಲ್ಲೇನಿದೆ’ ಎಂದು ಕೇಳುವ ಹಾಡಿಗೆ ಎಷ್ಟೋ ವರ್ಷ ನಾನೇ ಮಕ್ಕಳನ್ನು ಕುಣಿಸಿದ್ದೇನೆ. ಎಲ್ಲರ ಕಾಲಲ್ಲೂ ಫಳಫಳ ಹೊಳೆಯುವ ಕಪ್ಪು ಶೂ. ಹಾಡು ಎಲ್ಲಿಯದು ಅಂತ ಒಮ್ಮೆಯೂ ಹೇಳಲಿಲ್ಲ. ಆ ತಪ್ಪು ನನ್ನದು. ಶಾಲೆಗಳು ಸಿನಿಮಾವನ್ನು ಪೂರ್ತಿ ತೋರಿಸಲಿ, ಮುಗಿದ ಮೇಲೆ ಒಂದು ಪೀರಿಯಡ್ ಖಾಲಿ ಬಿಡಲಿ. ಮಕ್ಕಳು ಕೇಳುವುದು ಜಾಸ್ತಿ ಇರುತ್ತದೆ.

– ನಿವೃತ್ತ ಶಿಕ್ಷಕಿ, ಮೈಸೂರು